ಜಾಣಕುರುಡಿನ ಜಾತಕ

ಆಂಗ್ಲ ದಿನಪತ್ರಿಕೆಯನ್ನು ಒಂದು ವಾರ ಬಿಡದೆ ಓದುವವರಿಗೆ ‘ಟರ್ನ್ ಎ ಬ್ಲೈಂಡ್ ಐ’ ಎಂಬ ಮಾತು ಒಮ್ಮೆಯಾದರೂ ಎದುರಾಗದೆ ಇರದು. ಕೆರೆಯ ಅಂಗಳದಲ್ಲಿ ಮಹಡಿ ಮನೆಗಳು ಏಳುತ್ತಿದ್ದಾಗ ಅಧಿಕಾರಿಗಳು ಹಾಗೆ ಮಾಡಿದರಂತೆ. ಪರೀಕ್ಷೆಯ ಕೊಠಡಿಯಲ್ಲಿ ಚೀಟಿಗಳು ಕೈಯಿಂದ ಕೈಗೆ ಹೋಗುತ್ತಿದ್ದಾಗ ಮೇಲ್ವಿಚಾರಕರು ಹಾಗೆ ಮಾಡಿದರಂತೆ. ನೆರೆಯ ದೇಶ ದಂಡು ಕೂಡಿಸುತ್ತಿದ್ದಾಗ ದೊಡ್ಡ ರಾಷ್ಟ್ರಗಳು ಹಾಗೆ ಮಾಡಿದುವಂತೆ. ಪದಕ್ಕೆ ಪದವಿಟ್ಟರೆ ‘ಕುರುಡುಗಣ್ಣನ್ನು ತಿರುಗಿಸುವುದು’ ಎಂದಾಗುತ್ತದೆ. ನಮ್ಮ ತರಗತಿಯ ವಿದ್ಯಾರ್ಥಿಗಳು ಕೆಲವರು ಭಾಷಾಂತರದ ಪ್ರಶ್ನೆಪತ್ರಿಕೆಯಲ್ಲಿ ಹೀಗೆಯೇ ಬರೆದು, ಅಧಿಕಾರಿಗಳಿಗೆಲ್ಲ ಒಂದೊಂದು ಕಣ್ಣು ಹೋಗಿದೆಯೆಂಬ ಭಾವನೆ ಬರುವಂತೆ ಮಾಡುವುದುಂಟು. ಅರ್ಥವೇನೋ ಸರಳ: ಕಂಡದ್ದನ್ನು ಬೇಕೆಂದೇ ಕಾಣದವರಂತೆ ಇರುವುದು. ಆದರೆ ಈ ಮಾತಿನ ಬೆನ್ನು ಹತ್ತಿ ಹೋದರೆ ಒಂದು ಸಮುದ್ರಯುದ್ಧ, ಒಬ್ಬ ಒಕ್ಕಣ್ಣ ವೀರ, ಒಂದು ಸುಟ್ಟ ಹಡಗು, ಒಂದು ನ್ಯಾಯತೀರ್ಪು, ಇವೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಕೊನೆಗೆ ನಮ್ಮ ಕನ್ನಡದ್ದೇ ಒಂದು ಪುಟ್ಟ ಪದ ಬಂದು, ಇವರೆಲ್ಲ ಇಷ್ಟು ದೂರ ಸುತ್ತಿ ಹೇಳಿದುದನ್ನು ತಾನು ಐದೇ ಅಕ್ಷರದಲ್ಲಿ ಹೇಳಿಬಿಡುತ್ತದೆ.

ಒಕ್ಕಣ್ಣನ ಪೂರ್ವಕಥೆ

ಈ ನುಡಿಗಟ್ಟನ್ನು ಜಗತ್ತೆಲ್ಲ ಹೊರಾಷಿಯೊ ನೆಲ್ಸನ್ನನ ಹೆಸರಿಗೆ ಬರೆದಿಟ್ಟಿದೆ. ನೆಲ್ಸನ್ ಹುಟ್ಟಿದ್ದು 1758ರಲ್ಲಿ, ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಬರ್ನ್‌ಹ್ಯಾಮ್ ಥಾರ್ಪ್ ಎಂಬ ಹಳ್ಳಿಯ ಪಾದ್ರಿಯೊಬ್ಬನ ಮಗನಾಗಿ. ಹನ್ನೆರಡು ವರ್ಷದ ಬಾಲಕನಾಗಿದ್ದಾಗಲೇ ನೌಕಾಪಡೆಯನ್ನು ಸೇರಿದನು. ನಮ್ಮವರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಈ ಬಾಲಕನು ‘ಸೀಹಾರ್ಸ್’ ಎಂಬ ಹಡಗಿನಲ್ಲಿ ಹಿಂದೂ ಮಹಾಸಾಗರಕ್ಕೆ ಬಂದು ಸುಮಾರು ಎರಡು ವರ್ಷ ಕಾಲ ನಮ್ಮ ಕಡಲುಗಳಲ್ಲಿ ಇದ್ದನು. ಆ ಹಡಗು ಈಸ್ಟ್ ಇಂಡಿಯಾ ಕಂಪನಿಯ ಹಣವನ್ನು ಮುಂಬಯಿಗೆ ಸಾಗಿಸುತ್ತಿದ್ದಾಗ, 1775ರ ಫೆಬ್ರುವರಿ 19ರಂದು, ಎರಡು ನೌಕೆಗಳು ಅದರ ಮೇಲೆ ಬಿದ್ದುವು. ಸ್ವಲ್ಪ ಹೊತ್ತು ಗುಂಡಿನ ವಿನಿಮಯ ನಡೆದು ಅವು ಹಿಮ್ಮೆಟ್ಟಿದುವು. ಆ ನೌಕೆಗಳು ಮೈಸೂರಿನ ಹೈದರಾಲಿಯವು! ಮುಂದೆ ಯೂರೋಪಿನ ಕಡಲುಗಳನ್ನು ನಡುಗಿಸಿದ ನೆಲ್ಸನ್ನನು ಯುದ್ಧದ ಮುಖವನ್ನು ಮೊಟ್ಟಮೊದಲು ಕಂಡದ್ದು ಹೈದರನ ಹಡಗುಗಳೆದುರು, ಹದಿನಾರನೆಯ ವಯಸ್ಸಿನಲ್ಲಿ. ಆಗ ಅವನಿಗೆ ಎರಡು ಕಣ್ಣುಗಳೂ ಎರಡು ತೋಳುಗಳೂ ಸರಿಯಾಗಿಯೇ ಇದ್ದುವು. ಅನಂತರ ಮಲೇರಿಯದಂಥ ಜ್ವರ ಹಿಡಿದು, ಬದುಕುವ ಭರವಸೆಯಿಲ್ಲದೆ, 1776ರಲ್ಲಿ ತಾಯ್ನಾಡಿಗೆ ಮರಳಿದನು.

ಕಣ್ಣು ಹೋದದ್ದು 1794ರಲ್ಲಿ. ಕಾರ್ಸಿಕ ದ್ವೀಪದ ಕಾಲ್ವಿ ಎಂಬ ಕೋಟೆಗೆ ಬ್ರಿಟಿಷರು ಮುತ್ತಿಗೆ ಹಾಕಿದ್ದರು. ಜುಲೈ 12ರಂದು ಕೋಟೆಯಿಂದ ಹಾರಿಬಂದ ಗುಂಡೊಂದು ನೆಲಕ್ಕೆ ಬಡಿದು, ಎದ್ದ ಮಣ್ಣುಕಲ್ಲಿನ ಚೂರುಗಳು ನೆಲ್ಸನ್ನನ ಬಲಗಣ್ಣಿಗೆ ಹೊಡೆದುವು. ಆ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟರ ಹೊರತು ಹೆಚ್ಚೇನೂ ತಿಳಿಯದೆ ಹೋಯಿತು. ಸಿನಿಮಾಗಳಲ್ಲಿ ನೆಲ್ಸನ್ನನ ಕಣ್ಣಿಗೆ ಕರಿಯ ಪಟ್ಟಿಯೊಂದನ್ನು ಕಟ್ಟಿ ತೋರಿಸುವುದು ವಾಡಿಕೆ. ವಾಸ್ತವವಾಗಿ ಅವನು ಅಂಥ ಪಟ್ಟಿಯನ್ನು ಕಟ್ಟಿಕೊಳ್ಳಲೇ ಇಲ್ಲ. ನೋಡುವವರಿಗೆ ಆ ಕಣ್ಣು ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣುತ್ತಿತ್ತು. ಮೂರು ವರ್ಷಗಳ ತರುವಾಯ, 1797ರಲ್ಲಿ, ಟೆನೆರಿಫ್ ದ್ವೀಪದ ಸಾಂತಾಕ್ರೂಸ್ ಬಂದರಿನ ಮೇಲೆ ನಡೆಸಿದ ದಾಳಿಯಲ್ಲಿ ಬಲಗೈಯೂ ಹೋಯಿತು. 1798ರಲ್ಲಿ ಈಜಿಪ್ಟಿನ ನೈಲ್ ನದೀಮುಖದ ಬಳಿ ಫ್ರೆಂಚರ ನೌಕಾಬಲವನ್ನು ಅವನು ನುಚ್ಚುನೂರು ಮಾಡಿದಾಗ, ನೆಪೋಲಿಯನ್ನನು ಟೀಪೂಸುಲ್ತಾನನ ನೆರವಿಗೆ ಬಂದಾನೆಂಬ ಅಂಜಿಕೆ ತೊಲಗಿತೆಂದು ಈಸ್ಟ್ ಇಂಡಿಯಾ ಕಂಪನಿಯು ಅವನಿಗೆ 10,000 ಪೌಂಡುಗಳನ್ನು ಕಾಣಿಕೆಯಾಗಿ ಕೊಟ್ಟಿತು.

ಕೋಪನ್‌ಹೇಗನ್ನಿನ ಕಡಲು

ನಮ್ಮ ಕಥೆ ನಡೆದದ್ದು 1801ರಲ್ಲಿ. ಫ್ರಾನ್ಸಿನೊಡನೆ ಕಾದುತ್ತಿದ್ದ ಬ್ರಿಟನ್ನು, ಶತ್ರುವಿಗೆ ಸರಕು ಹೋಗದಿರಲೆಂದು ತಟಸ್ಥ ದೇಶಗಳ ಹಡಗುಗಳನ್ನೂ ನಡುಗಡಲಿನಲ್ಲಿ ನಿಲ್ಲಿಸಿ ಶೋಧಿಸುತ್ತಿತ್ತು. ಇದರಿಂದ ರೋಸಿ ಹೋದ ರಷ್ಯ, ಸ್ವೀಡನ್, ಡೆನ್ಮಾರ್ಕ್, ಪ್ರಷ್ಯ ದೇಶಗಳು ರಷ್ಯದ ಚಕ್ರವರ್ತಿ ಪಾಲನ ಮುಂದಾಳುತನದಲ್ಲಿ 1800ರ ಡಿಸೆಂಬರಿನಲ್ಲಿ ಒಂದು ಕೂಟವನ್ನು ಕಟ್ಟಿದುವು. ಈ ಕೂಟವನ್ನು ಒಡೆಯಲೆಂದು ಬ್ರಿಟನ್ನು ಬಾಲ್ಟಿಕ್ ಸಮುದ್ರಕ್ಕೆ ದೊಡ್ಡ ನೌಕಾಬಲವನ್ನು ಕಳುಹಿಸಿತು. ಅದರ ಮುಖ್ಯ ನಾಯಕ ಸರ್ ಹೈಡ್ ಪಾರ್ಕರ್. ಅರುವತ್ತು ದಾಟಿದವನು, ಎಚ್ಚರಿಕೆಯ ಮನುಷ್ಯ. ತೀರ ಎಳೆಯ ವಯಸ್ಸಿನ ಕನ್ಯೆಯನ್ನು ಆಗತಾನೆ ಮದುವೆಯಾಗಿ ಕಡಲಿಗಿಳಿಯಲು ಅಷ್ಟೇನೂ ಆತುರವಿಲ್ಲದವನು. ಅವನ ಕೈಕೆಳಗಿನ ಎರಡನೆಯ ನಾಯಕನೇ ನೆಲ್ಸನ್. ವಯಸ್ಸು ನಲವತ್ತೆರಡು, ಎಚ್ಚರಿಕೆಗೂ ಅವನಿಗೂ ಅಷ್ಟಾಗಿ ಸ್ನೇಹವಿರಲಿಲ್ಲ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಎದುರಿಗೆ ಡೇನರು ತಮ್ಮ ಹಡಗುಗಳನ್ನೂ ತೇಲುವ ಫಿರಂಗಿ ತೆಪ್ಪಗಳನ್ನೂ ದಡಕ್ಕೆ ಸಮವಾಗಿ ಲಂಗರು ಹಾಕಿ ಗೋಡೆಯಂತೆ ನಿಲ್ಲಿಸಿದ್ದರು. ಒಂದು ತುದಿಯಲ್ಲಿ ಟ್ರೆಕ್ರೋನರ್ ಎಂಬ ಜಲದುರ್ಗ. ಎದುರಿಗೆ ಇಕ್ಕಟ್ಟಾದ ಕಾಲುವೆಯಂಥ ನೀರು. ಅದರಾಚೆ ಕಣ್ಣಿಗೆ ಕಾಣದ ಮರಳುದಿಬ್ಬ. ದೊಡ್ಡ ಹಡಗುಗಳು ಅಲ್ಲಿ ನುಸುಳಲಾರವು. ನೆಲ್ಸನ್ನನು ತನ್ನ ದೊಡ್ಡ ಹಡಗನ್ನು ಬಿಟ್ಟು ‘ಎಲಿಫೆಂಟ್’ ಎಂಬ ಚಿಕ್ಕ ಹಡಗಿಗೆ ಬಂದು, ಹನ್ನೆರಡು ಯುದ್ಧನೌಕೆಗಳ ತಂಡದೊಡನೆ ಒಳನುಗ್ಗಿದನು. ಪಾರ್ಕರನು ದೊಡ್ಡ ಹಡಗುಗಳೊಡನೆ ಕೆಲವು ಮೈಲಿಗಳ ದೂರದಲ್ಲಿ ಉಳಿದನು.

ಏಪ್ರಿಲ್ 2. ಕ್ರೈಸ್ತರಿಗೆ ಪವಿತ್ರವಾದ, ಈಸ್ಟರಿನ ಹಿಂದಿನ ಗುರುವಾರ. ಬೆಳಗ್ಗೆ ಹತ್ತು ಗಂಟೆ ಕಳೆದ ಮೇಲೆ ಗುಂಡಿನ ಮಳೆ ಮೊದಲಾಯಿತು. ಮೊದಲೇ ಅಪಶಕುನವಾಗಿತ್ತು: ನೆಲ್ಸನ್ನನ ಹನ್ನೆರಡು ಹಡಗುಗಳಲ್ಲಿ ಮೂರು ಮರಳಿಗೆ ತಗಲಿ ಕುಳಿತುಬಿಟ್ಟಿದ್ದುವು. ಡೇನರೂ ಸೋಲೊಪ್ಪುವ ಜನವಲ್ಲ. ಅವರಲ್ಲಿ ವಿಲ್ಲೆಮೋಸ್ ಎಂಬ ಹದಿನೇಳು ವರ್ಷದ ಹುಡುಗನೊಬ್ಬನು ತೇಲುವ ತೆಪ್ಪವೊಂದರ ಮೇಲೆ ನಿಂತು ಕಾದಿದ ರೀತಿಯನ್ನು ಕಂಡು, ಕಾಳಗ ಮುಗಿದ ಮೇಲೆ ನೆಲ್ಸನ್ನನೇ ಡೇನರ ಯುವರಾಜನೆದುರು ಅವನನ್ನು ಹೊಗಳಿದನು. ಮೂರು ಗಂಟೆಗಳ ಹೊತ್ತು ಕಳೆದರೂ ಜಯ ಯಾರದೆಂದು ತಿಳಿಯದು. ದೂರದಲ್ಲಿದ್ದ ಪಾರ್ಕರನಿಗೆ ಕಾಣುತ್ತಿದ್ದುದು ಹೊಗೆ. ಹೊಗೆಯ ನಡುವೆ ಮರಳಿಗೆ ಸಿಕ್ಕ ಹಡಗುಗಳು ಹಾರಿಸಿದ ಸಂಕಟದ ಬಾವುಟ. ಸುಮಾರು ಒಂದೂಕಾಲು ಗಂಟೆಗೆ ಅವನು ತನ್ನ ಧ್ವಜನೌಕೆಯ ಮೇಲೆ 39ನೆಯ ಸಂಕೇತವನ್ನು ಏರಿಸಿದನು. ಅದರ ಅರ್ಥ: ಕಾಳಗವನ್ನು ನಿಲ್ಲಿಸಿ.

ಮುಂದಿನದನ್ನು ಆ ದಿನ ‘ಎಲಿಫೆಂಟ್’ ಮೇಲಿದ್ದ ಕರ್ನಲ್ ವಿಲಿಯಂ ಸ್ಟೂವರ್ಟನು ಬರೆದಿಟ್ಟಿದ್ದಾನೆ. ಸಂಕೇತ ಬಂದಿದೆಯೆಂದು ಅಧಿಕಾರಿಯು ತಿಳಿಸಿದಾಗ ನೆಲ್ಸನ್ನನು ಅದು ಕಂಡಿತೆಂದು ಮಾತ್ರ ಉತ್ತರಿಸಲು ಹೇಳಿ, ಉಳಿದ ಹಡಗುಗಳಿಗೆ ದಾಟಿಸಬೇಡವೆಂದನು. ತನ್ನದೇ 16ನೆಯ ಸಂಕೇತ, ಅಂದರೆ ‘ಇನ್ನೂ ಹತ್ತಿರ ನುಗ್ಗಿ ಹೊಡೆಯಿರಿ’ ಎಂಬುದು, ಇನ್ನೂ ಹಾರುತ್ತಿದೆಯೆ ಎಂದು ಕೇಳಿ, ಅದನ್ನು ಇಳಿಸಕೂಡದೆಂದು ಆಜ್ಞೆ ಮಾಡಿದನು. ತುಂಡಾದ ಬಲತೋಳು ಅದಿರುತ್ತಿತ್ತು. ಮನಸ್ಸು ಕಲಕಿದಾಗಲೆಲ್ಲ ಅದು ಹಾಗೆ ಆಗುತ್ತಿತ್ತಂತೆ. ಅನಂತರ ಹಡಗಿನ ಕಪ್ತಾನ ಫೋಲಿಯ ಕಡೆ ತಿರುಗಿ, ತನಗೆ ಇರುವುದು ಒಂದೇ ಕಣ್ಣು, ಆಗಾಗ ಕುರುಡನಾಗಿರುವ ಹಕ್ಕು ತನಗುಂಟು ಎಂಬ ಅರ್ಥದ ಮಾತನ್ನಾಡಿ, ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು, ಸಂಕೇತ ತನಗೆ ನಿಜವಾಗಿಯೂ ಕಾಣಿಸದೆಂದನು. ಕಾಳಗ ಮುಂದುವರಿಯಿತು. ಒಂದು ಗಂಟೆಯೊಳಗೆ ಡೇನರ ಫಿರಂಗಿಗಳು ಒಂದೊಂದಾಗಿ ಮೂಕವಾದುವು. ಅವರ ನಾಯಕನ ಹಡಗು ‘ಡ್ಯಾನೆಬ್ರೋಗ್’ ಉರಿದು ಸಿಡಿಯಿತು. ನೆಲ್ಸನ್ನನು ಕದನವಿರಾಮದ ಪತ್ರ ಬರೆದು, ಆತುರದಲ್ಲಿ ಬರೆದಂತೆ ತೋರಬಾರದೆಂದು, ಗುಂಡುಗಳ ನಡುವೆಯೂ ಅರಗು ತರಿಸಿ ಒಪ್ಪವಾಗಿ ಮುದ್ರೆ ಒತ್ತಿ ಕಳುಹಿಸಿದನು.

ಆಜ್ಞೆಯನ್ನು ಕಂಡವನ ಗತಿ

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ ಚಪ್ಪಾಳೆ ತಟ್ಟುವುದು ರೂಢಿ. ಆದರೆ ಆ 39ನೆಯ ಸಂಕೇತವನ್ನು ನೋಡಿದ ಕಣ್ಣುಗಳು ಬೇರೆಯವೂ ಇದ್ದುವು. ನೆಲ್ಸನ್ನನ ಕೆಳಗಿನ ನಾಯಕ ಗ್ರೇವ್ಸನು ಬಲು ಚತುರ. ಆಜ್ಞೆಯನ್ನು ಮೀರುವಂತಿಲ್ಲ, ನೆಲ್ಸನ್ನನನ್ನು ಬಿಡುವಂತಿಲ್ಲ. ಆದುದರಿಂದ ಅವನು 39ನೆಯ ಸಂಕೇತವನ್ನು ಸುಲಭವಾಗಿ ಕಾಣದ ಮೂಲೆಯಲ್ಲಿ ಏರಿಸಿ, 16ನೆಯದನ್ನು ತುದಿಕಂಬದಲ್ಲಿ ಹಾಗೆಯೇ ಹಾರಿಸುತ್ತಿದ್ದನು. ಕಚೇರಿಗಳಲ್ಲಿ ಎರಡು ವಿರುದ್ಧ ಸುತ್ತೋಲೆಗಳ ನಡುವೆ ಸಿಕ್ಕ ಗುಮಾಸ್ತರು ಈ ಗ್ರೇವ್ಸನನ್ನು ಕುಲಗುರುವಾಗಿ ಸ್ವೀಕರಿಸಬಹುದು.

ಎಡ್ವರ್ಡ್ ರಿಯೂನ ಪಾಡು ಬೇರೆ. ಇವನು ಸಾಮಾನ್ಯ ನಾವಿಕನಲ್ಲ. 1789ರಲ್ಲಿ ದಕ್ಷಿಣ ಸಮುದ್ರದಲ್ಲಿ ಹಿಮಗಡ್ಡೆಗೆ ಬಡಿದು ಮುಳುಗುವುದರಲ್ಲಿದ್ದ ‘ಗಾರ್ಡಿಯನ್’ ಹಡಗನ್ನು ವಾರಗಟ್ಟಲೆ ತೇಲಿಸಿಕೊಂಡು ಆಫ್ರಿಕದ ತುದಿಯವರೆಗೆ ತಂದು ದಡ ಮುಟ್ಟಿಸಿದ ಧೀರ. ಕೋಪನ್‌ಹೇಗನ್ನಿನಲ್ಲಿ ಅವನ ವಶದಲ್ಲಿದ್ದುದು ಸಣ್ಣ ಹಡಗುಗಳು. ಮರಳಿಗೆ ಸಿಕ್ಕ ದೊಡ್ಡ ಹಡಗುಗಳ ಸ್ಥಾನವನ್ನು ತುಂಬಲೆಂದು ಟ್ರೆಕ್ರೋನರ್ ದುರ್ಗದ ಬಾಯಿಗೇ ಅವುಗಳನ್ನು ಒಯ್ದು ನಿಲ್ಲಿಸಿದ್ದನು. ಅವನು ಪಾರ್ಕರನ ಸಂಕೇತವನ್ನು ಕಂಡನು. ಎರಡು ಕಣ್ಣಿನಿಂದಲೂ ಕಂಡನು. ಹಿಂದಿರುಗುವುದು ಅವನಿಗೆ ಇಷ್ಟವಿರಲಿಲ್ಲ. ನೆಲ್ಸನ್ನನು ತಮ್ಮ ಬಗೆಗೆ ಏನೆಂದುಕೊಂಡಾನೆಂದು ಮರುಗಿದನಂತೆ. ಆದರೂ ಆಜ್ಞೆ ಆಜ್ಞೆಯೇ. ಹಡಗು ಬೆನ್ನು ತಿರುಗಿಸಿದೊಡನೆ ದುರ್ಗದ ಗುಂಡುಗಳು ಅದನ್ನು ಉದ್ದಕ್ಕೂ ಸೀಳಿದುವು. ತಲೆಗೆ ಚಕ್ಕೆ ಬಡಿದು ನೆತ್ತರು ಸುರಿಯುತ್ತಿದ್ದರೂ ಜನರನ್ನು ಹುರಿದುಂಬಿಸುತ್ತಿದ್ದ ರಿಯೂ ಮುಂದಿನ ಗುಂಡಿಗೆ ತುಂಡಾಗಿ ಬಿದ್ದನು.

ಇಲ್ಲಿ ವಾಚಕರು ಒಂದು ನಿಮಿಷ ನಿಲ್ಲಬೇಕು. ಒಂದೇ ಬಾವುಟ. ಕಾಣದವನಂತೆ ನಟಿಸಿದವನು ಗೆದ್ದನು. ಕಂಡು ವಿಧೇಯನಾದವನು ಸತ್ತನು. ‘ಕುರುಡುಗಣ್ಣು’ ಎಂಬುದು ವೀರಗಾಥೆಯ ಮಾತಾಗಿ ಜನರ ಮನಸ್ಸಿನಲ್ಲಿ ನೆಲೆಸಿದ್ದು ಇದರಿಂದ. ಆದರೆ ಲೆಕ್ಕದ ಇನ್ನೊಂದು ಪಕ್ಕವೂ ಉಂಟು. ಆ ದಿನ ಬ್ರಿಟಿಷರ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಒಂಬೈನೂರಕ್ಕೂ ಮೇಲೆ. ಡೇನರ ಕಡೆ ಸಾವಿರದ ಆರುನೂರಕ್ಕೂ ಹೆಚ್ಚು. ಮತ್ತೂ ಕನಿಕರದ ಸಂಗತಿಯೆಂದರೆ, ಯಾವ ಕೂಟವನ್ನು ಒಡೆಯಲೆಂದು ಈ ರಕ್ತ ಹರಿಯಿತೋ ಅದರ ಕೀಲಾಗಿದ್ದ ಚಕ್ರವರ್ತಿ ಪಾಲನು ಅದಕ್ಕೆ ಹತ್ತು ದಿನ ಮೊದಲೇ, ಮಾರ್ಚ್ 23ರ ರಾತ್ರಿ, ತನ್ನ ಅರಮನೆಯಲ್ಲೇ ಕೊಲೆಯಾಗಿದ್ದನು. ತಂತಿಯಿಲ್ಲದ ಆ ಕಾಲದಲ್ಲಿ ಆ ಸುದ್ದಿ ಕೋಪನ್‌ಹೇಗನ್ನಿಗೆ ಇನ್ನೂ ತಲಪಿರಲಿಲ್ಲ. ಎರಡು ಕಡೆಯವರೂ ಆಗ ಕುರುಡರೇ. ಬೇಕೆಂದು ಆದ ಕುರುಡಲ್ಲ, ತಿಳಿಯದ ಕುರುಡು.

ಕಥೆಯಲ್ಲಿ ಎಷ್ಟು ನಿಜ?

ಸ್ವಾರಸ್ಯವಾದ ಕಥೆಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕೆಂಬುದು ಭಾಷೆಯ ಚರಿತ್ರೆ ಓದುವವರಿಗೆ ಮೊದಲ ಪಾಠ. ದುರ್ಬೀನನ್ನು ಕುರುಡುಗಣ್ಣಿಗೆ ಹಿಡಿದ ಪ್ರಸಂಗ ಜನರ ಕೈಗೆ ಸೇರಿದ್ದು 1809ರಲ್ಲಿ ಕ್ಲಾರ್ಕ್ ಮತ್ತು ಮೆಕಾರ್ಥರ್ ಎಂಬಿಬ್ಬರು ಹೊರತಂದ ಬೃಹತ್ ಜೀವನಚರಿತ್ರೆಯಿಂದ. ಅಷ್ಟರಲ್ಲಿ ನೆಲ್ಸನ್ನನು ಟ್ರಫಾಲ್ಗರ್ ಕಾಳಗದಲ್ಲಿ ಮಡಿದು ನಾಲ್ಕು ವರ್ಷಗಳಾಗಿದ್ದುವು. ಮಡಿದ ವೀರನ ಸುತ್ತ ಕಥೆಗಳು ಹೂವಿನ ಹಾರಗಳಂತೆ ಬೀಳುವುದು ಎಲ್ಲ ನಾಡುಗಳ ವಾಡಿಕೆ. 1813ರಲ್ಲಿ ಕವಿ ರಾಬರ್ಟ್ ಸದಿ ಬರೆದ ನೆಲ್ಸನ್ನನ ಚರಿತ್ರೆ ಈ ಪ್ರಸಂಗವನ್ನು ಮನೆಮನೆಯ ಮಾತಾಗಿಸಿತು. ದುರ್ಬೀನಿನ ಅಭಿನಯವನ್ನು ಇತಿಹಾಸಕಾರರಲ್ಲಿ ಅನೇಕರು ಸಂಶಯದಿಂದಲೇ ನೋಡುತ್ತಾರೆ.

ಇನ್ನೊಂದು ಮಾತೂ ಇದೆ. ನೆಲ್ಸನ್ನನಿಗೆ ಹೊಡೆತ ಬಲವಾಗಿದ್ದರೆ ಹಿಂದಿರುಗಲು ಅವನಿಗೊಂದು ನೆಪವಿರಲಿ, ಗೆಲ್ಲುವಂತಿದ್ದರೆ ಅವನು ಅದನ್ನು ಗಮನಿಸದೆ ಇರಲಿ ಎಂಬ ಉದಾರಭಾವದಿಂದಲೇ ಪಾರ್ಕರನು ಸಂಕೇತ ಕೊಟ್ಟನೆಂದು ಕೆಲವರು ಬರೆದರು. ಹಾಗಿದ್ದರೂ ಇರಬಹುದು. ಆದರೆ ಆ ಉದಾರಭಾವದ ಟಿಪ್ಪಣಿ ಬಾವುಟದ ಜೊತೆಯಲ್ಲಿ ಹಾರಲಿಲ್ಲ. ರಿಯೂ ಅದನ್ನು ಓದಲಾಗಲಿಲ್ಲ.

ಮತ್ತೆ, ಈ ನುಡಿಗಟ್ಟು ನೆಲ್ಸನ್ನನಿಂದ ಹುಟ್ಟಿತೆ? ಅದೂ ಇಲ್ಲ. ಆಕ್ಸ್‌ಫರ್ಡ್ ಮಹಾನಿಘಂಟು ಈ ಪ್ರಯೋಗವನ್ನು 1698ರಷ್ಟು ಹಿಂದಕ್ಕೆ ಒಯ್ಯುತ್ತದೆ. ಅಂದರೆ ಕೋಪನ್‌ಹೇಗನ್ನಿನ ಕಾಳಗಕ್ಕೆ ನೂರು ವರ್ಷಗಳಿಗೂ ಮೊದಲು. ಇದರ ಅಣ್ಣನಾದ ‘ಕಿವುಡುಗಿವಿ ತಿರುಗಿಸುವುದು’ ಇನ್ನೂ ಹಳೆಯದು. ಬೇಡದ ಮಾತಿಗೆ ಕಿವಿಯನ್ನು ಕಿವುಡಾಗಿಸಿದವರು ಬೇಡದ ನೋಟಕ್ಕೆ ಕಣ್ಣನ್ನು ಕುರುಡಾಗಿಸಲು ಒಬ್ಬ ಒಕ್ಕಣ್ಣನು ಹುಟ್ಟಿಬರಲೆಂದು ಕಾಯಲಿಲ್ಲ. ನಡೆದದ್ದಿಷ್ಟು: ಮಾತು ಮೊದಲೇ ಇತ್ತು, ಅದಕ್ಕೊಬ್ಬ ನಾಯಕ ಬೇಕಾಗಿದ್ದನು. ನೆಲ್ಸನ್ನನು ಬಂದು ಆ ಮಾತಿನೊಳಗೆ ಮನೆಮಾಡಿದನು. ನಮ್ಮಲ್ಲಿಯೂ ಹಳೆಯ ಚಾಟುಮಾತುಗಳೆಲ್ಲ ತೆನಾಲಿ ರಾಮಕೃಷ್ಣನ ಪಾಲಿಗೋ ಬೀರಬಲ್ಲನ ಪಾಲಿಗೋ ಸೇರಿಹೋಗುವುದಿಲ್ಲವೆ?

ಎರಡು ಬಗೆಯ ಕುರುಡು

ನಾಯಕನು ಬಂದದ್ದರಿಂದ ಮಾತಿಗೆ ಒಂದು ಲಾಭವಾಯಿತು, ಒಂದು ನಷ್ಟವೂ ಆಯಿತು. ಲಾಭ ಎಂದರೆ ಪ್ರಸಿದ್ಧಿ. ನಷ್ಟ ಎಂದರೆ ವೀರನ ವೇಷವನ್ನು ಹೇಡಿಯೂ ಹಾಕಿಕೊಳ್ಳುವಂತಾಯಿತು.

ನೆಲ್ಸನ್ನನು ಮಾಡಿದುದೇನು? ಅವನು ಕಾಣದಂತೆ ನಟಿಸಿದ್ದು ತನ್ನ ಮೇಲಿನವನ ಆಜ್ಞೆಯನ್ನು. ಹತ್ತಾರು ಜನರೆದುರು, ಹಗಲುಹೊತ್ತಿನಲ್ಲಿ, ನಗೆಮಾತಿನೊಡನೆ. ಸೋತಿದ್ದರೆ ಅವನನ್ನು ಕಾಯುವವರು ಯಾರೂ ಇರಲಿಲ್ಲ. ಬ್ರಿಟಿಷ್ ನೌಕಾಪಡೆ ತನ್ನ ನಾಯಕರನ್ನು ಮುದ್ದುಮಾಡುವ ಸಂಸ್ಥೆಯಾಗಿರಲಿಲ್ಲ. ಕಾಳಗದಲ್ಲಿ ತನ್ನಿಂದಾದಷ್ಟನ್ನೂ ಮಾಡಲಿಲ್ಲವೆಂಬ ಅಪರಾಧಕ್ಕಾಗಿ ಅಡ್ಮಿರಲ್ ಬಿಂಗ್ ಎಂಬವನನ್ನು 1757ರಲ್ಲಿ ಹಡಗೊಂದರ ಮೇಲೆಯೇ ಗುಂಡಿಟ್ಟು ಕೊಂದಿದ್ದರು. ಕಾಳಗ ಮುಗಿದ ಮೇಲೆ ನೆಲ್ಸನ್ನನು, ಆಜ್ಞೆ ಮೀರಿ ಹೋರಾಡಿದ್ದೇನೆ, ಗಲ್ಲಿಗೇರಿಸುವುದಾದರೆ ಏರಿಸಲಿ ಎಂಬರ್ಥದ ಮಾತಾಡಿದನೆಂದು ಸದಿ ಹೇಳುತ್ತಾನೆ. ಗಲ್ಲಿಗೇರಿಸಲಿಲ್ಲ, ಪಾರ್ಕರನನ್ನು ಹಿಂದಕ್ಕೆ ಕರೆಸಿಕೊಂಡು 1801ರ ಮೇ ತಿಂಗಳಲ್ಲಿ ನೆಲ್ಸನ್ನನನ್ನೇ ಮುಖ್ಯನಾಯಕನನ್ನಾಗಿ ಮಾಡಿದರು. ಅದು ಗೆದ್ದುದರ ಫಲ. ಆದರೆ ದುರ್ಬೀನೆತ್ತಿದ ಗಳಿಗೆಯಲ್ಲಿ ಗೆಲುವು ಅವನ ಕೈಯಲ್ಲಿರಲಿಲ್ಲ; ಕೈಯಲ್ಲಿದ್ದುದು ಹೊಣೆ ಮಾತ್ರ.

ಇಂದು ಪತ್ರಿಕೆಯಲ್ಲಿ ನಾವು ಓದುವ ಕುರುಡುಗಣ್ಣು ಇದಕ್ಕೆ ತೀರ ವಿರುದ್ಧ. ಇಲ್ಲಿ ಕಣ್ಣು ಮುಚ್ಚುವವನು ಮೇಲಿನವನ ಆಜ್ಞೆಗಲ್ಲ, ಕೆಳಗಿನವರ ಕಷ್ಟಕ್ಕೆ ಮುಚ್ಚುತ್ತಾನೆ. ಹತ್ತು ಜನರೆದುರಲ್ಲ, ಯಾರೂ ನೋಡದಂತೆ ಮುಚ್ಚುತ್ತಾನೆ. ಮುಚ್ಚುವುದು ಹೊಣೆಯನ್ನು ಹೊರಲಲ್ಲ, ಹೊಣೆಯಿಂದ ಜಾರಿಕೊಳ್ಳಲು. ಮುಂದೆ ಅನಾಹುತವಾದಾಗ ‘ನನ್ನ ಗಮನಕ್ಕೆ ಬರಲಿಲ್ಲ’ ಎಂದು ಹೇಳಲು ಅನುಕೂಲವಾಗಲೆಂದು ಅವನು ಈಗಲೇ ಗಮನಿಸದೆ ಇರುತ್ತಾನೆ. ಒಂದೇ ನುಡಿಗಟ್ಟಿನ ಹೊದಿಕೆಯಲ್ಲಿ ಹೀಗೆ ಇಬ್ಬರು ಮಲಗಿದ್ದಾರೆ. ಮುಸುಕೆತ್ತಿ ನೋಡದೆ ಇವನು ವೀರನೋ ಕಳ್ಳನೋ ಹೇಳಲಾಗದು.

ನ್ಯಾಯಪೀಠದ ಮುಂದೆ ದುರ್ಬೀನು

ಈ ಮುಸುಕನ್ನು ಎತ್ತುವ ಕೆಲಸ ಕೊನೆಗೆ ನ್ಯಾಯಾಧೀಶರ ಪಾಲಿಗೆ ಬಂತು. 1990ರಲ್ಲಿ ‘ಸ್ಟಾರ್ ಸೀ’ ಎಂಬ ಸರಕು ಹಡಗು ಬೆಂಕಿ ಹತ್ತಿ ಹಾಳಾಯಿತು. ಬೆಂಕಿ ಆರಿಸುವ ಸಲಕರಣೆಗಳು ಸರಿಯಿರಲಿಲ್ಲ. ಅಂಥ ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೇಗೆ ಬಳಸಬೇಕೆಂಬುದು ಕಪ್ತಾನನಿಗೆ ಸರಿಯಾಗಿ ತಿಳಿದಿರಲಿಲ್ಲ. ಇದೇ ಒಡೆತನದ ಹಡಗುಗಳಿಗೆ ಮೊದಲೂ ಬೆಂಕಿ ತಗಲಿತ್ತು. ಆದುದರಿಂದ ವಿಮೆಯವರು, ಹಡಗಿನ ಅವಸ್ಥೆ ಒಡೆಯರಿಗೆ ಗೊತ್ತಿದ್ದೇ ಇತ್ತು, ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದರು, ಹಣ ಕೊಡೆವು ಎಂದು ವಾದಿಸಿದರು. ಮೊಕದ್ದಮೆ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಏರಿತು. 2001ರ ಜನವರಿಯಲ್ಲಿ ತೀರ್ಪು ಬಂದಾಗ ಅದರಲ್ಲಿ ಲಾರ್ಡ್ ಸ್ಕಾಟ್ ಅವರು ಕೋಪನ್‌ಹೇಗನ್ನಿನ ನೆಲ್ಸನ್ನನನ್ನೂ ಅವನ ದುರ್ಬೀನನ್ನೂ ಹೆಸರಿಸಿಯೇ ವಿವರಿಸಿದರು. ಕಾಳಗಕ್ಕೆ ಇನ್ನೇನು ಇನ್ನೂರು ವರ್ಷ ತುಂಬುವುದರಲ್ಲಿತ್ತು.

ಅವರ ವಿವರಣೆಯ ತಿರುಳು ಇಷ್ಟು. ಸರಿಯಾದ ಕಣ್ಣಿಗೆ ಹಿಡಿದರೆ ಏನು ಕಾಣುವುದೆಂಬುದು ನೆಲ್ಸನ್ನನಿಗೆ ಗೊತ್ತಿತ್ತು. ಅದು ಕಾಣಬಾರದೆಂದೇ ಅವನು ಕುರುಡುಗಣ್ಣನ್ನು ಆರಿಸಿಕೊಂಡನು. ಹೀಗೆ, ನಿಜ ಇರುವುದೆಂಬ ಬಲವಾದ ಗುಮಾನಿಯಿದ್ದು, ಅದು ಖಚಿತವಾಗಿಬಿಟ್ಟೀತೆಂಬ ಕಾರಣದಿಂದಲೇ ವಿಚಾರಿಸದೆ ಇರಲು ನಿಶ್ಚಯಿಸಿದವನನ್ನು ಕಾನೂನು ತಿಳಿಯದವನೆಂದು ಎಣಿಸುವುದಿಲ್ಲ, ತಿಳಿದವನೆಂದೇ ಎಣಿಸುತ್ತದೆ. ಹಾಗೆಂದು ಬರಿಯ ಸೋಮಾರಿತನವೂ ಅಜಾಗರೂಕತೆಯೂ ಈ ಗುಂಪಿಗೆ ಸೇರವು. ‘ಸ್ಟಾರ್ ಸೀ’ ಒಡೆಯರಲ್ಲಿ ಅಂಥ ಬುದ್ಧಿಪೂರ್ವಕವಾದ ಕುರುಡು ಸಾಬೀತಾಗಲಿಲ್ಲವೆಂದು ನ್ಯಾಯಪೀಠವು ಅವರ ಪರವಾಗಿಯೇ ತೀರ್ಪಿತ್ತಿತು. ಆದರೆ ಅಳತೆಗೋಲು ಉಳಿಯಿತು: ಕುರುಡುಗಣ್ಣು ಅಜ್ಞಾನದ ಗುರುತಲ್ಲ, ಜ್ಞಾನದ ಗುರುತು.

ಕನ್ನಡದ ಐದು ಅಕ್ಷರ

ಇಷ್ಟು ದೂರ ಬಂದ ಮೇಲೆ ಮನೆಯ ಕಡೆ ತಿರುಗೋಣ. ಈ ನುಡಿಗಟ್ಟಿಗೆ ಕನ್ನಡದಲ್ಲಿ ಏನನ್ನಬೇಕು? ‘ಕಂಡೂ ಕಾಣದಂತೆ ಇರುವುದು’ ಎಂಬುದು ಸರಿಯಾದ ಅರ್ಥ. ಆದರೆ ಅದಕ್ಕಿಂತ ಖಾರವಾದ, ನಮ್ಮ ಅಜ್ಜಿಯಂದಿರ ಬಾಯಿಂದ ನೇರವಾಗಿ ಬಂದ ಪದ ‘ಜಾಣಕುರುಡು’. ಇದರ ಒಡಹುಟ್ಟುಗಳೂ ಇವೆ: ಜಾಣಕಿವುಡು, ಜಾಣಮರೆವು. ಸಾಲ ಕೊಟ್ಟವನು ಎದುರಿಗೆ ಬಂದಾಗ ಮೊದಲನೆಯದು, ಅವನು ಕೂಗಿದಾಗ ಎರಡನೆಯದು, ಅವನು ಕೈಹಿಡಿದು ಕೇಳಿದಾಗ ಮೂರನೆಯದು ಉಪಯೋಗಕ್ಕೆ ಬರುತ್ತವೆ.

‘ಜಾಣ’ ಎಂಬ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ‘ತಿಳಿ’ ಎಂಬ ಅರ್ಥದ ‘ಜ್ಞಾ’ ಧಾತುವಿನ ಬಳಗದ್ದು. ಪ್ರಾಕೃತದ ಹಾದಿಯಿಂದ ನಮ್ಮಲ್ಲಿಗೆ ಬಂದು ನೆಲೆಸಿದ್ದು. ಹಿಂದಿಯ ‘ಜಾನ್‌ನಾ’ ಅದರ ದಾಯಾದಿ. ಜಾಣನೆಂದರೆ ತಿಳಿದವನು. ಹಾಗಾದರೆ ಜಾಣಕುರುಡು ಎಂದರೆ ತಿಳಿದವನ ಕುರುಡು! ಇಂಗ್ಲೆಂಡಿನ ನ್ಯಾಯಪೀಠ ಪುಟಗಟ್ಟಲೆ ಬರೆದು ಸ್ಥಾಪಿಸಿದ ತತ್ತ್ವ ನಮ್ಮ ಹಳ್ಳಿಗಟ್ಟೆಯ ಒಂದು ಸಮಾಸದಲ್ಲಿ ಮೊದಲೇ ಅಡಗಿ ಕುಳಿತಿದೆ. ಆಂಗ್ಲ ನುಡಿಗಟ್ಟಿನ ಕಣ್ಣು ಇರುವುದು ‘ಕಣ್ಣಿನ’ ಮೇಲೆ. ಕನ್ನಡದ ಪದದ ಕಣ್ಣು ಇರುವುದು ‘ತಿಳಿವಿನ’ ಮೇಲೆ. ಅಲ್ಲಿ ದೂರು ಕಣ್ಣಿನದೆಂದು ಜಾರಿಕೊಳ್ಳಬಹುದು. ಇಲ್ಲಿ ಜಾರಲು ದಾರಿಯಿಲ್ಲ. ‘ನೀನು ಜಾಣ, ನಿನಗೆ ಗೊತ್ತಿತ್ತು’ ಎಂದು ಪದವೇ ಕೊರಳುಪಟ್ಟಿ ಹಿಡಿಯುತ್ತದೆ.

ಇನ್ನೊಂದನ್ನೂ ಹೇಳಬೇಕು. ಈ ಕುರುಡು ನಿಜವಾಗಿ ಕಣ್ಣಿಲ್ಲದವರಿಗೆ ಬರುವಂಥದಲ್ಲ. ಕಣ್ಣಿದ್ದವರಿಗೆ ಮಾತ್ರ ಬರುತ್ತದೆ. ಹಸ್ತಿನಾವತಿಯ ದ್ಯೂತಸಭೆಯನ್ನು ನೆನೆಯಿರಿ. ಅಲ್ಲಿ ಹುಟ್ಟುಕುರುಡನಾಗಿದ್ದವನು ಧೃತರಾಷ್ಟ್ರನೊಬ್ಬನೇ. ಆದರೆ ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮರಿಗೆ ಕಣ್ಣಿತ್ತು, ದ್ರೋಣರಿಗೆ ಕಣ್ಣಿತ್ತು, ಕೃಪರಿಗೆ ಕಣ್ಣಿತ್ತು. ಧರ್ಮವನ್ನು ಅವರಷ್ಟು ಬಲ್ಲವರೂ ಆ ಸಭೆಯಲ್ಲಿ ಇರಲಿಲ್ಲ. ಎದ್ದು ನಿಂತು ಇದು ಅನ್ಯಾಯವೆಂದವರು ವಿದುರನೂ, ಕೌರವರಲ್ಲಿಯೇ ಕಿರಿಯನಾದ ವಿಕರ್ಣನೂ. ಮಹಾಭಾರತದ ಯುದ್ಧ ನಡೆದದ್ದು ಒಬ್ಬನ ಕುರುಡಿನಿಂದಲ್ಲ, ಅಷ್ಟೊಂದು ಜಾಣರ ಕುರುಡಿನಿಂದ.

ಹಾಗಾದರೆ ಕಂಡೂ ಕಾಣದಂತಿರುವುದು ಎಲ್ಲ ಕಾಲಕ್ಕೂ ತಪ್ಪೆ? ಹಾಗೆಂದರೆ ಸಂಸಾರ ನಡೆಯದು. ಹೊಸದಾಗಿ ಮನೆಗೆ ಬಂದ ಸೊಸೆ ಹಾಲು ಉಕ್ಕಿಸಿ ಒಲೆ ಒರೆಸುತ್ತಿದ್ದಾಗ ಅತ್ತೆಯಾದವರು ಹೂ ಕಟ್ಟುವುದರಲ್ಲಿ ಮಗ್ನರಾದರೆ ಅದು ಪುಣ್ಯದ ಕುರುಡು. ತಾತನವರು ಸಕ್ಕರೆ ಕಾಯಿಲೆಯಿದ್ದರೂ ಹಬ್ಬದ ದಿನ ಅರ್ಧ ಹೋಳಿಗೆ ಮುರಿದುಕೊಂಡದ್ದು ಅಜ್ಜಿಗೆ ಕಾಣಿಸದೆ ಹೋದರೆ ಅದು ಐವತ್ತು ವರ್ಷದ ದಾಂಪತ್ಯದ ಕುರುಡು. ಆದರೆ ಅದೇ ಅಜ್ಜಿಗೆ ದಿನವೂ ಕಾಣಿಸದೆ ಹೋದರೆ ಮಾತು ಬೇರೆ. ಅದೇ ಅತ್ತೆಯವರು, ಮಗನು ಸೊಸೆಯ ಮೇಲೆ ಕೈಮಾಡಿದಾಗಲೂ ಹೂ ಕಟ್ಟುತ್ತಲೇ ಕುಳಿತರೆ, ಆ ಹೂವಿಗೆ ದೇವರ ಮುಡಿಯಲ್ಲಿ ಸ್ಥಳವಿಲ್ಲ.

ಎರಡನ್ನೂ ಬೇರ್ಪಡಿಸಲು ದೊಡ್ಡ ಶಾಸ್ತ್ರ ಬೇಡ. ಕಣ್ಣು ಮುಚ್ಚಿದವನನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕು. ಮುಚ್ಚಿದ್ದು ಯಾರ ಒಳಿತಿಗೆ? ಮುಚ್ಚಿದ್ದರ ಬೆಲೆಯನ್ನು ಯಾರು ತೆರಬೇಕು? ಒಳಿತು ಇನ್ನೊಬ್ಬನದು, ಬೆಲೆ ತನ್ನದು ಎಂದಾದರೆ ಅದು ದೊಡ್ಡತನ. ಒಳಿತು ತನ್ನದು, ಬೆಲೆ ಇನ್ನೊಬ್ಬನದು ಎಂದಾದರೆ ಅದು ಜಾಣಕುರುಡು. ರಾಜಕಾಲುವೆಯ ಮೇಲೆ ಕಟ್ಟಡ ಏಳುವಾಗ ಕಾಣದವನಿಗೆ ಬಹುಮಾನ ಸಿಕ್ಕಿತು. ಮಳೆ ಬಂದ ರಾತ್ರಿ ಮಂಚದ ಮೇಲೆ ಮಕ್ಕಳನ್ನು ಹತ್ತಿಸಿಕೊಂಡು ನೀರಿನಲ್ಲಿ ನಿಂತವರು ಅದರ ಬೆಲೆ ತೆತ್ತರು. ಇಂಥವನು ತನ್ನನ್ನು ನೆಲ್ಸನ್ನನ ವಂಶದವನೆಂದು ಹೇಳಿಕೊಳ್ಳಬಾರದು. ನೆಲ್ಸನ್ನನೇ ಆದರೂ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುವುದಿಲ್ಲ. ಹೊಣೆ ಅವನದಾಗಿತ್ತು, ನಿಜ. ಬೆಲೆಯನ್ನು ಅವನ ಜೊತೆಗೆ ಇನ್ನೂ ಸಾವಿರಾರು ಮಂದಿ ತೆತ್ತರು.

ಇನ್ನು ಮೇಲೆ ಆಂಗ್ಲ ಪತ್ರಿಕೆಯಲ್ಲಿ ಆ ನುಡಿಗಟ್ಟು ಎದುರಾದಾಗ ವಾಚಕರು ಅದನ್ನು ‘ಕುರುಡುಗಣ್ಣು ತಿರುಗಿಸಿದರು’ ಎಂದು ಮಾತ್ರ ಓದಿಕೊಳ್ಳಬೇಡಿ. ಹಾಗೆ ಓದಿದರೆ ತಪ್ಪಿತಸ್ಥನ ಬಗೆಗೆ ಸ್ವಲ್ಪ ಮರುಕ ಹುಟ್ಟಿಬಿಡುವ ಅಪಾಯವುಂಟು. ನಮ್ಮ ಪದವನ್ನೇ ಅಲ್ಲಿ ಇಟ್ಟು ಓದಿ. ಆಗ ಆತನ ಕಣ್ಣು ಸರಿಯಾಗಿದೆಯೆಂಬುದೂ, ಆತನಿಗೆ ಎಲ್ಲವೂ ತಿಳಿದಿತ್ತೆಂಬುದೂ, ಉತ್ತರ ಕೊಡಬೇಕಾದವನು ಆತನೇ ಎಂಬುದೂ ಒಂದೇ ಮಾತಿನಲ್ಲಿ ಸ್ಪಷ್ಟವಾಗುತ್ತವೆ.